ಪಾಂಜು ದಾಟಿದ ಮೇಲೆ ನಾಯಗಾಂವ್

ಶನಿವಾರ

ಉಡುಪಿ ಕಡೆಯಿಂದ ಮುಂಬೈಗೆ ಹೊರಟವರು ಹೆಚ್ಚಾಗಿ ಮತ್ಸ್ಯಗಂಧ ಹಿಡಿಯುತ್ತಾರೆ. ಅದು ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಮುಟ್ಟಿಸುತ್ತದೆ. ನಮ್ಮ ಅಕ್ಕನ ಮನೆ ಇರುವುದು ನಾಯಗಾಂವ್‌ನಲ್ಲಿ. ಟರ್ಮಿನಸ್‌ನಲ್ಲಿ ಇಳಿದರೆ ಕುರ್ಲಾಕ್ಕೆ ಬಂದು, ದಾದರ್‌ನಲ್ಲಿ ಲೈನ್ ಬದಲಿಸಿ, ಚೀಲ ಹೊತ್ತುಕೊಂಡು ಮತ್ತೊಂದು ಲೋಕಲ್ ಹತ್ತಬೇಕು. ಅದಕ್ಕೇ ನಾನು ಎರ್ನಾಕುಲಂನಿಂದ ಓಖಾಕ್ಕೆ ಹೋಗುವ ರೈಲು ಹಿಡಿದೆ. ಅದು ಮುಂಬೈ ಊರೊಳಗೆ ಹೋಗುವುದೇ ಇಲ್ಲ. ಪನ್ವೇಲ್ ಆದ ಮೇಲೆ ದಿವಾ ಬಳಿ ತಿರುಗಿ, ಭಿವಂಡಿ, ಖಾರ್ಬಾವ್, ಕಾಮಣ್, ಜುಚಂದ್ರ ದಾಟಿ ಸೀದಾ ವಸಾಯಿ ರೋಡಿಗೆ ಬರುತ್ತದೆ. ಮೀರಾ ರೋಡ್, ಭಾಯಂದರ್, ವಸಾಯಿ, ವಿರಾರ್‌ನಲ್ಲಿ ಇರುವ ನಮ್ಮ ಕರಾವಳಿಯವರಿಗೆ ಈ ದಾರಿ ಎಷ್ಟು ಉಪಕಾರ ಅಂತ ಅವರನ್ನೇ ಕೇಳಬೇಕು.

ರಾತ್ರಿ ವಸಾಯಿ ರೋಡಿನಲ್ಲಿ ಬಾವ ಕಾಯುತ್ತಿದ್ದರು. ಚರ್ಚ್‌ಗೇಟ್ ಕಡೆಗೆ ಹೋಗುವ ಲೋಕಲ್ ಹತ್ತಿದೆವು. ಆ ಹೊತ್ತಿಗೆ ಊರೊಳಗೆ ಹೋಗುವ ಗಾಡಿ ಖಾಲಿ. ಎದುರಿನಿಂದ ವಿರಾರ್‌ಗೆ ಬರುವ ಗಾಡಿಯಲ್ಲಿ ಮಾತ್ರ ಜನ ಬಾಗಿಲಿನಲ್ಲಿ ನೇತಾಡುತ್ತಿದ್ದರು. ಮುಂದಿನ ಸ್ಟೇಷನ್ನೇ ನಾಯಗಾಂವ್.

ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟ ಕೂಡಲೇ ಮೂಗಿಗೆ ಬಂದದ್ದು ಕೆಸರಿನ ವಾಸನೆ. ಇಳಿತದ ಹೊತ್ತಿಗೆ ನಮ್ಮ ಹೊಳೆಬಾಗಿಲಲ್ಲಿ ಬರುವ ಅದೇ ವಾಸನೆ. "ಖಾಡಿ ಇಲ್ಲೇ ಹತ್ತಿರ" ಅಂದರು ಬಾವ. ಸಮುದ್ರದ ನೀರು ಏರಿಳಿಯುವ ಹೊಳೆಬಾಗಿಲನ್ನು ಮುಂಬೈಯ ಕನ್ನಡಿಗರೆಲ್ಲ ಖಾಡಿ ಅಂತಲೇ ಹೇಳುವುದು. ಸೇತುವೆಯ ಮೇಲೆ ಪಾದಚಾರಿಗಳ ಸಾಲು, ಕೆಳಗೆ ರಿಕ್ಷಾ ಸಾಲು. ಪೂರ್ವದ ಕಡೆ ಕಣ್ಣು ಹಾಯಿಸಿದಷ್ಟು ದೂರ ಎತ್ತರದ ಕಟ್ಟಡಗಳ ದೀಪ. ಅಕ್ಕ ಮದುವೆಯಾಗಿ ಬಂದಾಗ ಅಲ್ಲೆಲ್ಲ ಉಪ್ಪಿನ ಆಗರ, ಗದ್ದೆ ಇತ್ತಂತೆ.

ಭಾನುವಾರ

ಅಕ್ಕ ಇಷ್ಟು ವರ್ಷ ಇಲ್ಲಿದ್ದರೂ ಪಾಂಜು ದ್ವೀಪಕ್ಕೆ ಹೋಗಿರಲಿಲ್ಲ. "ದಿನಾ ಎರಡು ಸಲ ಅದರ ಮೇಲೇ ಹೋಗ್ತೇನೆ ಮಾರಾಯ್ತಿ, ಇಳಿಯಲಿಕ್ಕೆ ಎಂತ ಉಂಟು?" ಅಂದಳು. ಬೆಳಿಗ್ಗೆ ತಿಂಡಿ ಮುಗಿಸಿ ಅವಳನ್ನು ಎಬ್ಬಿಸಿಕೊಂಡೇ ಹೊರಟೆ.

ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಉಲ್ಲಾಸ ನದಿ ಘಟ್ಟದಿಂದ ಇಳಿದು, ಕಲ್ಯಾಣ ಬಳಸಿ, ಪಶ್ಚಿಮಕ್ಕೆ ಹರಿದು ವಸಾಯಿ ಖಾಡಿಯಾಗಿ ಸಮುದ್ರ ಸೇರುತ್ತದೆ. ದಕ್ಷಿಣ ದಂಡೆಯಲ್ಲಿ ಭಾಯಂದರ್, ಉತ್ತರ ದಂಡೆಯಲ್ಲಿ ನಾಯಗಾಂವ್. ಭಾಯಂದರ್ ಇರುವುದು ಮುಂಬೈಯ ಉಪನಗರಗಳಿರುವ ಸಾಷ್ಟಿ ದ್ವೀಪದ ತುದಿಯಲ್ಲಿ, ಠಾಣೆ ಜಿಲ್ಲೆ. ನಾಯಗಾಂವ್ ದ್ವೀಪದ ಆಚೆಯ ಮುಖ್ಯ ನೆಲ, 2014ರಿಂದ ಪಾಲ್ಘರ್ ಜಿಲ್ಲೆ. ಇವೆರಡರ ನಡುವೆ, ನೀರಿನ ಮಧ್ಯದಲ್ಲಿ, ಪಾಂಜು. ರೈಲು ಒಂದು ಸೇತುವೆ ದಾಟಿ ಪಾಂಜು ನೆಲದ ಮೇಲೆ ಸ್ವಲ್ಪ ದೂರ ಓಡಿ ಇನ್ನೊಂದು ಸೇತುವೆ ಹತ್ತುತ್ತದೆ. ಕಿಟಕಿ ಪಕ್ಕ ಕೂತವರಿಗೂ ಅದು ದ್ವೀಪ ಅಂತ ಅನಿಸುವುದಿಲ್ಲ. ಸುಮ್ನೆ ಸ್ವಲ್ಪ ಹಸಿರು ಬಂದು ಹೋದ ಹಾಗೆ.

ನಾಯಗಾಂವ್ ಪಶ್ಚಿಮದ ಕೋಳಿವಾಡೆಯ, ಅಂದರೆ ಮೀನುಗಾರರ ಕೇರಿಯ, ಕಡೆಯಿಂದ ದೋಣಿ. ಜೊತೆಗೆ ತರಕಾರಿ ಚೀಲ ಹಿಡಿದ ಹೆಂಗಸರು, ಒಂದು ಗ್ಯಾಸ್ ಸಿಲಿಂಡರ್, ಬಿಸ್ಕೆಟ್ ಪೆಟ್ಟಿಗೆ. ಊರಿಗೆ ಬೇಕಾದ ಪ್ರತಿಯೊಂದು ಸಾಮಾನೂ ಹೀಗೇ ನೀರಿನ ಮೇಲೆ ಬರಬೇಕು. ಪಾಂಜುಗೆ ರಸ್ತೆ ಇಲ್ಲ. ದೋಣಿ ನಡೆಸುವ ಕಾಕಾನ ಹತ್ತಿರ ಅಕ್ಕ ಮರಾಠಿಯಲ್ಲಿ ಮಾತಿಗಿಳಿದಳು. ನೀರು ಪೂರಾ ಇಳಿದರೆ ದೋಣಿ ಕೆಸರಿಗೆ ಕೂರುತ್ತದೆ, ಮಳೆಗಾಲದ ಗಾಳಿಗೆ ಕೆಲವು ದಿನ ಬಿಡಲಿಕ್ಕೇ ಆಗುವುದಿಲ್ಲ ಅಂದರು. ಆಗ ಊರಿನವರು ಏನು ಮಾಡುತ್ತಾರೆ ಅಂತ ಕೇಳಿದ್ದಕ್ಕೆ ಕೈ ಎತ್ತಿ ರೈಲು ಸೇತುವೆ ತೋರಿಸಿದರು. ಹಳಿಯ ಪಕ್ಕದ ಕಿರಿದಾದ ಜಾಗದಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದು ನಾಯಗಾಂವ್ ಸ್ಟೇಷನ್ ಸೇರುತ್ತಾರೆ.

ದ್ವೀಪದಲ್ಲಿ ಇಳಿದೆವು. ಹೆಂಚಿನ ಮನೆ, ಹೊಸ ಆರ್‌ಸಿಸಿ ಮನೆ, ಒಣಗಲು ಹಾಕಿದ ಬಲೆ, ಕೋಳಿಗಳು, ಶಾಲೆ ಕಟ್ಟಡ. ವಾಹನದ ಸದ್ದೇ ಇಲ್ಲ. ಮತ್ತೆ ಮೂರು ನಿಮಿಷಕ್ಕೊಮ್ಮೆ ನೆಲ ನಡುಗಿಸುತ್ತಾ ಲೋಕಲ್.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬಾಂಬೆ ಬರೋಡಾ ರೈಲ್ವೆಯ ಮೊದಲ ಉಪನಗರ ಗಾಡಿ ವಿರಾರ್‌ನಿಂದ ದಕ್ಷಿಣ ಮುಂಬೈಯ ಬ್ಯಾಕ್‌ಬೇಗೆ ಓಡಿದ್ದು 1867ರ ಏಪ್ರಿಲ್ 12ರಂದು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು ಬರುವ ಒಂದೇ ಗಾಡಿ. ಅದು ನಿಲ್ಲುತ್ತಿದ್ದ ಜಾಗಗಳ ಪಟ್ಟಿಯಲ್ಲಿ ನಾಯಗಾಂವ್ ಇಲ್ಲ, ಭಾಯಂದರ್ ಇಲ್ಲ, ಮೀರಾ ರೋಡ್ ಇಲ್ಲ. ವಸಾಯಿ ಆದ ಮೇಲೆ ಪಾಂಜೆ, ಆಮೇಲೆ ಬೋರಿವಲಿ. ಎರಡು ಖಾಡಿಗಳ ನಡುವಿನ ಈ ದ್ವೀಪಕ್ಕೇ ಸ್ಟೇಷನ್ ಇತ್ತು! ಇವತ್ತು ಲಕ್ಷಗಟ್ಟಲೆ ಜನರ ಊರುಗಳು ಎರಡೂ ದಂಡೆಯಲ್ಲಿ ಬೆಳೆದಿವೆ, ಒಂದೇ ಗಾಡಿ ಇದ್ದ ಕಡೆ ದಿನಕ್ಕೆ ನೂರಾರು ಗಾಡಿ ಓಡುತ್ತಿವೆ. ಮೊದಲು ಸ್ಟೇಷನ್ ಇದ್ದ ಊರಿನಲ್ಲಿ ಮಾತ್ರ ಯಾವುದೂ ನಿಲ್ಲುವುದಿಲ್ಲ. ಇದನ್ನು ತಿಳಿದ ಮೇಲೆ ನನಗೆ ಆ ಹಳಿಯ ಕಡೆ ಮೊದಲಿನ ಹಾಗೆ ನೋಡಲಿಕ್ಕೆ ಆಗಲಿಲ್ಲ.

ಹಿಂದಿರುಗುವ ಮೊದಲು ಸೇತುವೆಯ ಕೆಳಗಿನ ದಂಡೆಗೆ ಹೋದೆವು. ನೀರು ಇಳಿಯುತ್ತಿತ್ತು. ಕಾಂಡ್ಲಾ ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ನಿಂತಿದ್ದವು. ಆ ಬೇರುಗಳಿಗೆ ಸಿಕ್ಕಿಕೊಂಡದ್ದನ್ನು ನೋಡಿ ಇಬ್ಬರೂ ಮಾತಾಡಲಿಲ್ಲ. ಗಂಟು ಹಾಕಿದ ಪ್ಲಾಸ್ಟಿಕ್ ಚೀಲಗಳು. ಒಂದು ಹರಿದು ಕಪ್ಪಾದ ಚೆಂಡು ಹೂ ಹೊರಗೆ ಬಂದಿತ್ತು. ಅರಿಶಿನ ಕುಂಕುಮ ಹಚ್ಚಿದ ಇಡೀ ತೆಂಗಿನಕಾಯಿ, ಜುಟ್ಟು ಸಮೇತ. ಗಾಜು ಒಡೆದ ಲಕ್ಷ್ಮೀ ಫೋಟೋ, ಅದರ ಚೌಕಟ್ಟಿನ ಮೇಲೆ ಒಂದು ಏಡಿ ಹತ್ತಿ ಕೂತಿತ್ತು. ಥರ್ಮಾಕೋಲ್ ಮಂಟಪದ ತುಂಡು. ಎಲ್ಲವೂ ಮೇಲೆ ಹೋಗುವ ರೈಲಿನ ಬಾಗಿಲಿನಿಂದ ಬಿದ್ದದ್ದು. ಮನೆಯ ನಿರ್ಮಾಲ್ಯವನ್ನು ಹರಿಯುವ ನೀರಿಗೆ ಬಿಡಬೇಕು ಅಂತ ಜನರಿಗೆ ಗೊತ್ತು. ಫ್ಲಾಟಿನಲ್ಲಿ ಇರುವವರಿಗೆ ಹರಿಯುವ ನೀರು ಸಿಗುವುದು ಆಫೀಸಿಗೆ ಹೋಗುವ ದಾರಿಯಲ್ಲಿ, ಈ ಸೇತುವೆಯ ಮೇಲೆ. ಬಾಗಿಲಲ್ಲಿ ನಿಂತು ಎಸೆದು, ಹಣೆ ಮುಟ್ಟಿಕೊಂಡು ಒಳಗೆ ಬರುತ್ತಾರೆ.

ಕಾಕಾ ಹೇಳಿದ ಮಾತಿನಿಂದ ಎದೆ ಭಾರವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಇದೇ ಪಾಂಜುವಿನ ಯುವಕನೊಬ್ಬ ಕೆಲಸಕ್ಕೆ ಹೋಗಲು ಸೇತುವೆ ಮೇಲೆ ನಾಯಗಾಂವ್ ಸ್ಟೇಷನ್ ಕಡೆ ನಡೆಯುತ್ತಿದ್ದ. ಓಡುವ ಲೋಕಲ್‌ನಿಂದ ಯಾರೋ ಎಸೆದ ತೆಂಗಿನಕಾಯಿ ತಲೆಗೆ ಬಡಿಯಿತು. ಬದುಕಲಿಲ್ಲ. ಎಸೆದವರು ದೇವರ ಕೆಲಸ ಮುಗಿಸಿದ ಸಮಾಧಾನದಲ್ಲಿ ಹೋಗಿರುತ್ತಾರೆ. ಕೆಳಗೆ ಏನಾಯಿತು ಅಂತ ಅವರಿಗೆ ಇವತ್ತಿಗೂ ತಿಳಿದಿರಲಿಕ್ಕಿಲ್ಲ.

ಕೈಯಲ್ಲಿ ಹಿಡಿದಾಗ ಕಾಯಿ ಎಷ್ಟು ಭಾರ ಅಂತ ಕರಾವಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ಅದು ರೈಲಿನ ವೇಗವನ್ನೂ ಸೇರಿಸಿಕೊಂಡು ಬೀಳುತ್ತದೆ.

ಸೋಮವಾರ

ಅಕ್ಕನ ಜೊತೆ ಅಂಧೇರಿಗೆ ಹೊರಟೆ. ಅವಳ ಆಫೀಸು ಅಲ್ಲಿ, ನನಗೆ ಅಲ್ಲೊಬ್ಬರನ್ನು ನೋಡುವುದಿತ್ತು.

ಚರ್ಚ್‌ಗೇಟ್‌ನಿಂದ ನಾಯಗಾಂವ್‌ಗೆ ಸುಮಾರು 48 ಕಿಲೋಮೀಟರ್. ಇಷ್ಟು ದೂರದಲ್ಲಿ ಊರೊಂದು ಬೆಳೆಯಲು ಇದ್ದ ಕಾರಣ ಒಂದೇ, ಈ ಹಳಿ. ಬೋರಿವಲಿಯಿಂದ ವಿರಾರ್‌ವರೆಗೆ ಕರೆಂಟ್ ಗಾಡಿ ಬಂದದ್ದು 1936ರಲ್ಲಿ. ಆದರೂ ಎಷ್ಟೋ ವರ್ಷ ಇಲ್ಲಿ ಎರಡೇ ಹಳಿ, ಲೋಕಲ್ ಕೂಡ ಅದರಲ್ಲೇ, ಗುಜರಾತಿನ ಮೇಲ್ ಗಾಡಿ ಕೂಡ ಅದರಲ್ಲೇ. ನಾಲ್ಕು ಹಳಿ ಪೂರ್ತಿಯಾದದ್ದು 2007ರಲ್ಲಿ. ಆಮೇಲೆ ಗಾಡಿ ಜಾಸ್ತಿಯಾಯಿತು, ಗಾಡಿಯ ಹಿಂದೆಯೇ ಬಿಲ್ಡರುಗಳು ಬಂದರು. 2009ರಲ್ಲಿ ವಸಾಯಿ ವಿರಾರ್ ಮಹಾನಗರಪಾಲಿಕೆ ಆಯಿತು. 2011ರ ಜನಗಣತಿಯಲ್ಲೇ ಅದರ ಜನಸಂಖ್ಯೆ 12 ಲಕ್ಷ ದಾಟಿತ್ತು. ಈಗಿನ ಕಟ್ಟಡಗಳನ್ನು ನೋಡಿದರೆ ಅದು ಹಳೇ ಲೆಕ್ಕ. ಜನ ಬಂದಷ್ಟು ಬೇಗ ನೀರು ಬರಲಿಲ್ಲ. ಅಕ್ಕನ ಸೊಸೈಟಿ ಗೇಟಿನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಟ್ಯಾಂಕರ್ ನಿಂತಿತ್ತು.

ಪ್ಲಾಟ್‌ಫಾರ್ಮ್‌ನಲ್ಲಿ ಅಕ್ಕ ನನ್ನನ್ನು ಒಂದು ಕಂಬದ ಹತ್ತಿರ ನಿಲ್ಲಿಸಿದಳು. ಲೇಡೀಸ್ ಡಬ್ಬಿ ಸರಿಯಾಗಿ ಅಲ್ಲಿಗೇ ಬರುತ್ತದೆ. ಅವಳ ಪಕ್ಕದಲ್ಲಿ ದಿನಾ ನಿಲ್ಲುವ ಆರೇಳು ಹೆಂಗಸರು. ಕೆಲವರು ಮೊದಲು ವಿರಾರ್ ಕಡೆಯ ಗಾಡಿ ಹತ್ತಿ, ವಿರಾರ್‌ನಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ವಾಪಸ್ಸು ಬರುತ್ತಾರೆ. ಸೀಟು ಸಿಗಲಿ ಅಂತ. ಇದಕ್ಕೆ ಇಲ್ಲಿ "ರಿಟರ್ನ್ ಮಾಡುವುದು" ಅನ್ನುತ್ತಾರೆ. ಕಾಲು ನೋವಿರುವ, ಬಸುರಿ ಹೆಂಗಸರಿಗೆ ಬೇರೆ ದಾರಿ ಇಲ್ಲ.

ಗಾಡಿ ಬರುವಾಗಲೇ ತುಂಬಿತ್ತು. ಅಕ್ಕ ಚೀಲ ಎದೆಗೆ ಹಾಕಿಕೊಂಡಳು, ನನ್ನ ಜಡೆಯನ್ನು ಮುಂದಕ್ಕೆ ಎಳೆದಳು, ಬೆನ್ನಿಗೆ ಕೈ ಕೊಟ್ಟು ಒಳಗೆ ತಳ್ಳಿದಳು. ನಾನು ನಡೆದು ಹತ್ತಲಿಲ್ಲ, ಜನರೇ ಹತ್ತಿಸಿದರು. ಒಳಗೆ ಹೋದ ಮೇಲೆ ಗಲಾಟೆ ಇಲ್ಲ. ಕೂತವರ ಹತ್ತಿರ ನಿಂತವರು "ಎಲ್ಲಿ ಇಳೀತೀರಿ?" ಅಂತ ಕೇಳಿ ಸೀಟು ಗೊತ್ತು ಮಾಡಿಕೊಳ್ಳುತ್ತಾರೆ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಿಗೂ ಒಂಚೂರು ಜಾಗ. ಅಂಧೇರಿವರೆಗೆ ಒಬ್ಬಳು ಕೂತರೆ ಆಮೇಲೆ ಇನ್ನೊಬ್ಬಳು. ಅಕ್ಕನ ಗುಂಪಿನಲ್ಲಿ ಕಾರ್ಕಳದವರೊಬ್ಬರು ಇದ್ದರು. ನನ್ನ ಮಾತು ಕೇಳಿದ್ದೇ, "ಊರಲ್ಲಿ ಮಳೆ ಹೇಗೆ?" ಅಂತ ಅಷ್ಟು ಜನರ ತಲೆಯ ಮೇಲಿಂದ ಕೂಗಿದರು. ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಮೊದಲ ಲೇಡೀಸ್ ಸ್ಪೆಷಲ್ ಓಡಿದ್ದು 1992ರ ಮೇ 5ರಂದು. ಆಗ ಅವರು ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲವಂತೆ. ಇಡೀ ಗಾಡಿ ನಮ್ಮದೇ ಅಂದಾಗ ಆದ ಖುಷಿಯನ್ನು ಈಗಲೂ ಹೇಳುತ್ತಾ ಅವರ ಮುಖ ಅರಳಿತು.

ಖಾಡಿ ಬಂತು. ಬಾಗಿಲಿನ ಹತ್ತಿರ ಒಬ್ಬಳು ಹುಡುಗಿ ಪರ್ಸಿನಿಂದ ನಾಣ್ಯ ತೆಗೆದು ಎಸೆದು ಕೈ ಮುಗಿದಳು. ಆಚೆ ಬಾಗಿಲಲ್ಲಿ ಒಂದು ಬಿಳಿ ಚೀಲ ಹಾರಿತು. ನಿನ್ನೆ ಕೆಳಗೆ ನಿಂತು ನೋಡಿದ ಜಾಗ. ನಾನು ಕುತ್ತಿಗೆ ಚಾಚಿ ನೋಡಲು ಪ್ರಯತ್ನಿಸಿದೆ, ಹಳಿ ಪಕ್ಕದಲ್ಲಿ ಯಾರಾದರೂ ನಡೆಯುತ್ತಿದ್ದಾರಾ ಅಂತ. ಜನರ ಭುಜದ ಸಂದಿಯಲ್ಲಿ ಕಬ್ಬಿಣದ ಕಂಬಿಗಳು ಮಾತ್ರ ಕಾಣುತ್ತಿದ್ದವು.

ಸಂಜೆ ಬರುವಾಗ ಅಕ್ಕ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ ಅಂತ ಎಸಿ ಲೋಕಲ್‌ಗೆ ಟಿಕೆಟ್ ತೆಗೆದಳು. 2017ರ ಡಿಸೆಂಬರ್ 25ಕ್ಕೆ ಮೊದಲ ಎಸಿ ಲೋಕಲ್ ಓಡಿದ್ದು ಈ ಪಶ್ಚಿಮ ಲೈನಿನಲ್ಲೇ. ಅದರ ಬಾಗಿಲು ತಾನಾಗಿ ಮುಚ್ಚುತ್ತದೆ. ಸೇತುವೆಯ ಮೇಲೆ ಹೋಗುವಾಗ ಯಾರೂ ಏನೂ ಎಸೆಯಲಿಕ್ಕೆ ಆಗಲಿಲ್ಲ. ಎಲ್ಲ ಗಾಡಿಗೂ ಹೀಗೆ ಬಾಗಿಲು ಬಂದರೆ ಬಿದ್ದು ಸಾಯುವವರೂ ಉಳಿಯುತ್ತಾರೆ, ಪಾಂಜುವಿನವರ ತಲೆಯೂ ಉಳಿಯುತ್ತದೆ. ಆದರೆ ಟಿಕೆಟ್ ದರ ಎಲ್ಲರಿಗೂ ಎಟುಕುವಂತೆ ಇರಬೇಕು. ಅಕ್ಕನ ಗುಂಪಿನ ಹೆಚ್ಚಿನವರ ಸಂಬಳಕ್ಕೆ ಎಸಿ ಪಾಸು ಆಗುವ ಮಾತಲ್ಲ.

ಮಂಗಳವಾರ

ಬಾವನಿಗೆ ರಜೆ ಇತ್ತು, ವಸಾಯಿ ಕೋಟೆಗೆ ಕರೆದುಕೊಂಡು ಹೋದರು. ಖಾಡಿ ಸಮುದ್ರ ಸೇರುವ ಬಾಯಿಯಲ್ಲೇ ಕೋಟೆ. ನೀರಿನ ದಾರಿಯನ್ನು ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪೋರ್ಚುಗೀಸರ ಕೈಯಿಂದ 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದುಕೊಂಡದ್ದು. ಮಾಡು ಹೋದ ಇಗರ್ಜಿಗಳ ಗೋಡೆ ಇನ್ನೂ ನೆಟ್ಟಗೆ ನಿಂತಿವೆ. ಬಿಸಿಲು ಜೋರಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಅಲ್ಲೇ ಹತ್ತಿರದ ಜೆಟ್ಟಿ. 2024ರ ಫೆಬ್ರವರಿಯಿಂದ ಭಾಯಂದರ್‌ಗೆ ರೋ-ರೋ ಬೋಟು ಓಡುತ್ತಿದೆ. ಬೈಕು, ರಿಕ್ಷಾ, ಕಾರು ಎಲ್ಲ ಹತ್ತಿಸಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ಕಣ್ಣಿಗೆ ಕಾಣುವ ಭಾಯಂದರ್‌ಗೆ ರಸ್ತೆಯಲ್ಲಿ ಹೋಗಲು ಹೆದ್ದಾರಿಗೆ ಹೋಗಿ, ಘೋಡ್‌ಬಂದರ್ ಹತ್ತಿರದ ಸೇತುವೆ ದಾಟಿ, ಇಡೀ ಖಾಡಿ ಸುತ್ತಿ ಬರಬೇಕು. ನಾಯಗಾಂವ್ ಭಾಯಂದರ್ ನಡುವೆ ಪಾಂಜು ಮೂಲಕ ರಸ್ತೆ ಸೇತುವೆ ಮಾಡುವ ಯೋಜನೆ ವರ್ಷಗಳಿಂದ ಇದೆ. ಅದು ಬೇಗ ಆಗಲಿ. ಕಾರಿನವರಿಗಾಗಿ ಅಲ್ಲ, ಹಳಿ ಮೇಲೆ ನಡೆಯುವವರಿಗಾಗಿ.

ದಾರಿಯಲ್ಲಿ ಸುಕೇಳಿ ಕೊಂಡೆ. ವಸಾಯಿಯ ರಾಜೇಳಿ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿದ್ದು. ಕಂದು ಬಣ್ಣ, ಜೇನಿನ ಹಾಗೆ ಅಂಟು, ಬಾಯಲ್ಲಿ ನಿಧಾನಕ್ಕೆ ಸಿಹಿ ಬಿಡುತ್ತದೆ. ಬಾಳೆತೋಟ ಹೋಗಿ ಕಟ್ಟಡ ಬಂದ ಹಾಗೆ ಮಾಡುವ ಮನೆಗಳೂ ಕಡಿಮೆಯಾಗಿವೆ ಅಂದಳು ಮಾರುವ ಅಜ್ಜಿ. ಅಮ್ಮನಿಗೆ ಅಂತ ಎರಡು ಕಟ್ಟು ಜಾಸ್ತಿ ತೆಗೆದುಕೊಂಡೆ.

ರಾತ್ರಿ ಪಕ್ಕದ ಮನೆಯವರು ಬಂದರು. ನಾಳೆ ನಾವು ಸ್ಟೇಷನ್‌ಗೆ ಹೋಗುತ್ತೇವೆ ಅಂತ ಗೊತ್ತಾಗಿ, ಕೈಯಲ್ಲಿ ನಿರ್ಮಾಲ್ಯದ ಚೀಲ ಹಿಡಿದಿದ್ದರು. ಆಫೀಸಿಗೆ ಹೋಗುವಾಗ ಖಾಡಿಗೆ ಹಾಕಿಬಿಡು ಅಂತ ಅಕ್ಕನಿಗೆ ಕೊಟ್ಟರು. ಮುಂಚೆ ಆಗಿದ್ದರೆ ಇಂಥದ್ದು ಮಾತಿಲ್ಲದೆ ಆಗಿಹೋಗುತ್ತಿತ್ತು. ಅಕ್ಕ ಅವರನ್ನು ಕೂರಿಸಿ ಚಹಾ ಕೊಟ್ಟಳು. ಭಾನುವಾರ ತೆಗೆದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಏಡಿ ಕೂತ ಲಕ್ಷ್ಮೀ ಫೋಟೋ ನೋಡಿ ಅವರು ಬಾಯಿಗೆ ಸೆರಗು ಹಿಡಿದರು. "ಹೂವೆಲ್ಲ ಕೆಳಗೆ ತುಳಸಿ ಕಟ್ಟೆ ಹತ್ತಿರ ಗುಂಡಿ ಮಾಡಿ ಹಾಕುವ. ಮಣ್ಣಾಗ್ತದೆ" ಅಂದಳು ಅಕ್ಕ. ಕಾಯಿ? ಅದನ್ನು ಒಡೆದು ನೋಡಿದರು, ಚೆನ್ನಾಗಿತ್ತು. ಬೆಳಗಿನ ಚಟ್ನಿಗೆ ಆಯಿತು.

ಇದರಿಂದ ಸೇತುವೆಯ ಮೇಲೆ ಒಂದು ಚೀಲ ಕಡಿಮೆಯಾಯಿತು, ಅಷ್ಟೇ. ಆದರೆ ಒಂದು ಸೊಸೈಟಿಯಲ್ಲಿ ನೂರು ಮನೆ. ಗೇಟಿನ ಹತ್ತಿರ ಒಂದು ನಿರ್ಮಾಲ್ಯದ ಡ್ರಮ್ ಇಡುವುದು ಕಷ್ಟದ ಕೆಲಸವೇ ಅಲ್ಲ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಕೇಳುತ್ತೇನೆ ಅಂತ ಬಾವ ಒಪ್ಪಿದ್ದಾರೆ. ಕನ್ನಡಿಗರ ಭಜನಾ ಮಂಡಳಿಯಲ್ಲೂ ಹೇಳಲು ಅಕ್ಕನಿಗೆ ಒತ್ತಾಯ ಮಾಡಿದ್ದೇನೆ. ಭಜನೆ ಮುಗಿದ ಮೇಲೆ ಹೇಳಿದರೆ ಜನ ಕೇಳುತ್ತಾರೆ.

ಬುಧವಾರ

ವಾಪಸ್ಸು ಬಾಂದ್ರಾದಿಂದ ಮಡಗಾಂವ್‌ಗೆ ಹೋಗುವ ಗಾಡಿಯಲ್ಲಿ. 2024ರ ಆಗಸ್ಟ್‌ನಲ್ಲಿ ಶುರುವಾದದ್ದು, ವಾರಕ್ಕೆ ಎರಡೇ ದಿನ. ಪಶ್ಚಿಮ ಲೈನಿನ ಕೊಂಕಣಿಗರು, ಕರಾವಳಿಯವರು ಎಷ್ಟೋ ಕಾಲ ಕೇಳಿ ಕೇಳಿ ಬಂದ ಗಾಡಿ. ಬೆಳಿಗ್ಗೆ ನಾಯಗಾಂವ್‌ನಿಂದ ಒಂದು ಸ್ಟೇಷನ್ ಲೋಕಲ್‌ನಲ್ಲಿ ಬಂದು ವಸಾಯಿ ರೋಡಿನಲ್ಲಿ ಕಾದೆವು.

ಬಾಂದ್ರಾದಿಂದ ಉತ್ತರಕ್ಕೆ ಬಂದ ಗಾಡಿ ಇಲ್ಲಿ ಮುಖ ತಿರುಗಿಸಬೇಕು. ಇಂಜಿನ್ ಕಳಚಿ, ಹಿಂದಿನ ತುದಿಗೆ ಜೋಡಿಸಿ, ಆಮೇಲೆ ಜುಚಂದ್ರದ ಕಡೆ ಹೊರಡುತ್ತದೆ. ಅಷ್ಟು ಹೊತ್ತು ಕಾಯಬೇಕು. ನಾಯಗಾಂವ್‌ನಿಂದ ಜುಚಂದ್ರಕ್ಕೆ ನೇರ ಜೋಡು ಹಳಿ ಹಾಕುವ ಕೆಲಸಕ್ಕೆ ಮಂಜೂರಾತಿ ಸಿಕ್ಕಿದೆ. ಅದು ಆದರೆ ಗಾಡಿ ವಸಾಯಿಗೆ ಬರದೆ, ನಾಯಗಾಂವ್‌ನಲ್ಲೇ ತಿರುಗಿ ಕೊಂಕಣಕ್ಕೆ ಹೋಗಬಹುದು. ಇಂಜಿನ್ ಬದಲಿಸುವ ತಾಪತ್ರಯ ಇಲ್ಲ ಅಂದರೆ ಈ ದಾರಿಯಲ್ಲಿ ಇನ್ನಷ್ಟು ಗಾಡಿ ಬಿಡಲು ರೈಲ್ವೆಯವರಿಗೂ ಸುಲಭ. ಮಂಗಳೂರುವರೆಗೆ ದಿನಾ ಒಂದು ಗಾಡಿ ಬಂದರೆ ಬೋರಿವಲಿಯಿಂದ ವಿರಾರ್‌ವರೆಗಿನ ನಮ್ಮವರಿಗೆ ಊರು ಎಷ್ಟು ಹತ್ತಿರವಾದೀತು! ವಯಸ್ಸಾದ ಅಪ್ಪ ಅಮ್ಮನನ್ನು ದಾದರ್ ಮೆಟ್ಟಿಲು ಹತ್ತಿಸಿದವರಿಗೆ ಇದರ ಬೆಲೆ ಗೊತ್ತು.

"ಹಳಿ ಆದ ಮೇಲೆ ನಾಯಗಾಂವ್‌ನಲ್ಲಿ ನಿಲ್ಲಿಸ್ತಾರಾ?" ಅಂತ ಬಾವನನ್ನು ಕೇಳಿದೆ.

"ನಿಲ್ಲಿಸಬೇಕು ಅಂತ ನಾವೇ ಕೇಳಬೇಕು" ಅಂದರು.

ಗಾಡಿ ಹೊರಟಿತು. ಜುಚಂದ್ರದಲ್ಲಿ ಕಟ್ಟಡಗಳ ಹಿಂಭಾಗ ಕಾಣಿಸಿತು, ಅಕ್ಕನ ಕಟ್ಟಡ ಯಾವುದು ಅಂತ ತಿಳಿಯಲಿಲ್ಲ. ಭಿವಂಡಿ ದಾಟಿ ಕೋಪರ್ ಬರುವ ಮೊದಲು ಉಲ್ಲಾಸ ನದಿ. ಎದುರು ಸೀಟಿನ ಕಣಕವಲಿಯ ಹುಡುಗ ಇದು ಯಾವ ನದಿ ಅಂತ ಕೇಳಿದ. ಇದೇ ನೀರು ಕೆಳಗೆ ಹೋಗಿ ಪಾಂಜು ಸುತ್ತುತ್ತದೆ ಅಂತ ಹೇಳಿದೆ. ಪಾಂಜು ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿಲ್ಲ, ಅವನು ಇರುವುದು ಭಾಯಂದರ್‌ನಲ್ಲಿ. ಪನ್ವೇಲ್ ಬರುವವರೆಗೆ ಅವನಿಗೆ ಅದರ ಕತೆಯನ್ನೇ ಹೇಳಿದೆ, ಫೋಟೋಗಳನ್ನೂ ತೋರಿಸಿದೆ. ಸೇತುವೆಯ ಕೆಳಗಿನ ಫೋಟೋ ಬೇಕು, ಅಮ್ಮನಿಗೆ ಕಳಿಸಬೇಕು ಅಂತ ಕೇಳಿ ತೆಗೆದುಕೊಂಡ.